ಕೆಂಪಕ್ಷರದ ಪತ್ರ ಮತ್ತು 36 ಚೌಕ: ಪೆರ್ಲದ ಒಂದು ಕ್ರೆಡಿಟ್ ಕಾರ್ಡ್ ಪ್ರಕರಣ

2024ರ ಜೂನ್. ಹೊರಗೆ ಜಡಿಮಳೆ. ಭಾವ ಅಂಗಿಯೊಳಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಅಡಗಿಸಿಕೊಂಡು ನಮ್ಮ ಜಗಲಿ ಹತ್ತಿದರು. ತೊಟ್ಟೆಯೊಳಗೆ ನಾಲ್ಕು ಪತ್ರ. ನಾಲ್ಕೂ ಇಂಗ್ಲಿಷಿನಲ್ಲಿ. ಅವರು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದರಿಂದ ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷ್ ಗೊತ್ತು. ಆದರೆ ವಕೀಲರ ಇಂಗ್ಲಿಷ್ ಬೇರೆಯೇ ಅಲ್ವಾ?

"ಭಾವಾ, ಇದರಲ್ಲಿ ಜೈಲು ಯಾವುದಕ್ಕೆ? ಅದೊಂದು ಹೇಳಿ. ತಂಗಿಗೆ ಮಾತ್ರ ಹೇಳಬೇಡಿ" ಅಂದರು. ಆ ತಂಗಿ ನನ್ನ ಸ್ವಂತ ತಂಗಿ, ಅವರ ಹೆಂಡತಿ. ಅವಳಿಗೆ ಆಗಲೇ ಗೊತ್ತಿತ್ತು ಅನ್ನುವುದು ನಮ್ಮಿಬ್ಬರಿಗೂ ಆಮೇಲೆ ತಿಳಿಯಿತು.

ನಾನು ವಕೀಲನಲ್ಲ. ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಚಿನ್ನದ ಸಾಲ, ಅಡಿಕೆ ತೋಟದ ಸಾಲ, ಮದುವೆ ಸಾಲ ಎಲ್ಲ ಕಂಡಿದ್ದೇನೆ. ಕಾರ್ಡಿನ ಸಾಲದ ಗುಣ ಬೇರೆ. ಅದನ್ನು ನಾನು ಕಲಿತದ್ದು ಈ ತೊಟ್ಟೆಯಿಂದಲೇ. ಭಾವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಬ್ಯಾಂಕಿನ ಹೆಸರೂ ಬೇಡ ಅಂದಿದ್ದಾರೆ.

ಸಾಲ ಬೆಳೆದ ದಾರಿ

ಭಾವ ಮಂಗಳೂರಿನಲ್ಲಿ ಒಂದು ಅಂಗಡಿಯ ಲೆಕ್ಕ ನೋಡುತ್ತಿದ್ದರು. ಉಳಿದುಕೊಳ್ಳಲು ಬಾಡಿಗೆ ಕೋಣೆ. ಶನಿವಾರ ಸಂಜೆ ವಿಟ್ಲದ ಮೇಲಿಂದ ಗಡಿ ದಾಟಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲಕ್ಕೆ ಬಂದು ಸೋಮವಾರ ಬೆಳಗ್ಗೆ ವಾಪಸ್. 2018ರಲ್ಲಿ ಸಂಬಳದ ಖಾತೆ ಇದ್ದ ಖಾಸಗಿ ಬ್ಯಾಂಕ್ ಒಂದು ಕಾರ್ಡ್ ಕೊಟ್ಟಿತು. ಮಿತಿ 60,000. ವಿಳಾಸ ಮಂಗಳೂರಿನ ಕೋಣೆಯದು, ಫೋನ್ ನಂಬರ್ ಅಂಗಡಿಯವರು ಕೊಟ್ಟ ಸಿಮ್‌ನದು. ಈ ಎರಡು ವಿವರ ನೆನಪಿಟ್ಟುಕೊಳ್ಳಿ. ಮುಂದಿನ ಎಲ್ಲ ತಲೆನೋವಿಗೂ ಇವೇ ಬೇರು.

2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿತು. ತಲಪಾಡಿ ಬಂದ್. ನಮ್ಮ ಸಾರಡ್ಕದ ದಾರಿಗೂ ಅಡ್ಡ ಬಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕೂ ಆಗದೆ ಗಡಿಯ ಜನ ಒದ್ದಾಡಿದ ದಿನಗಳು ಅವು. ಭಾವ ಊರಲ್ಲೇ ಸಿಕ್ಕಿಬಿದ್ದರು. ಅಂಗಡಿ ಮತ್ತೆ ತೆರೆಯಲೇ ಇಲ್ಲ. ಸಿಮ್ ಹೋಯಿತು, ಕೋಣೆಯೂ ಹೋಯಿತು. ಕಾರ್ಡಿನಲ್ಲಿ ಬಾಕಿ ಇದ್ದದ್ದು 23,400 ರೂಪಾಯಿ.

ಅಷ್ಟರಲ್ಲಿ ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕ್ ಮೊರಟೋರಿಯಂ ಘೋಷಿಸಿತು. ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ. ಕ್ರೆಡಿಟ್ ಕಾರ್ಡಿಗೂ ಇತ್ತು. ನಮ್ಮ ಕಡೆ ಅದು ಬಾಯಿಂದ ಬಾಯಿಗೆ ದಾಟುವಾಗ "ಆರು ತಿಂಗಳು ಕಟ್ಟಬೇಕಾಗಿಲ್ಲವಂತೆ" ಅಂತಾಯಿತು. ಇನ್ನೊಂದು ಬಾಯಿಗೆ ಹೋಗುವಾಗ "ಮಾಫಿಯಂತೆ" ಆಯಿತು. ಮಾಫಿ ಆಗಿರಲಿಲ್ಲ. ಕಟ್ಟುವ ದಿನ ಮುಂದೆ ಹೋಗಿತ್ತು, ಅಷ್ಟೇ. ಬಡ್ಡಿ ಓಡುತ್ತಲೇ ಇತ್ತು.

ಎಷ್ಟು ಬಡ್ಡಿ? ಆ ಕಾರ್ಡಿಗೆ ತಿಂಗಳಿಗೆ ಶೇಕಡಾ 3.5. ವರ್ಷಕ್ಕೆ 42. 23,400ಕ್ಕೆ ತಿಂಗಳಿಗೆ 819 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ ಇನ್ನೊಂದು 147. ಸಂಘದಲ್ಲಿ ವರ್ಷಕ್ಕೆ ಹನ್ನೆರಡು, ಹದಿಮೂರು ಬಡ್ಡಿ ಬರೆಯುವಾಗಲೇ ನನಗೆ ಕೈ ನಡುಗುತ್ತಿತ್ತು. ಆಗಸ್ಟ್ ಮುಗಿಯುವಾಗ ಬಾಕಿ 27,900ರ ಹತ್ತಿರ ಬಂದಿತ್ತು. ಸೆಪ್ಟೆಂಬರ್‌ನಿಂದ ಲೇಟ್ ಫೀ ಕೂಡ ಸೇರಿತು. ಎಲ್ಲ ಕೂಡಿ ತಿಂಗಳಿಗೆ ಎರಡು ಸಾವಿರದ ಮೇಲೆ ಏರಿತು. 2021ರ ಮಾರ್ಚ್‌ನಲ್ಲಿ ಬ್ಯಾಂಕ್ ತನ್ನ ಪುಸ್ತಕದಲ್ಲಿ ಆ ಖಾತೆಯನ್ನು ರೈಟ್ ಆಫ್ ಮಾಡುವಾಗ ಮೊತ್ತ 40,210.

ರೈಟ್ ಆಫ್ ಅಂದ ಕೂಡಲೇ ಭಾವನ ಮುಖ ಅರಳಿತು. "ಹಾಗಾದರೆ ಅವರೇ ಬಿಟ್ಟಿದ್ದಾರಲ್ಲ!" ಇಲ್ಲ ಮಾರಾಯ್ರೇ. ಅದು ಬ್ಯಾಂಕಿನ ಒಳಗಿನ ಲೆಕ್ಕ. ಬರುವ ನಂಬಿಕೆ ಇಲ್ಲದ ಸಾಲವನ್ನು ನಷ್ಟದ ಪಟ್ಟಿಗೆ ಹಾಕುತ್ತಾರೆ. ಕೇಳುವ ಹಕ್ಕು ಹಾಗೇ ಉಳಿದಿರುತ್ತದೆ.

ತೊಟ್ಟೆಯೊಳಗಿನ ಪತ್ರಗಳು

ನಾಲ್ಕನ್ನೂ ತಾರೀಕಿನ ಪ್ರಕಾರ ಜಗಲಿಯಲ್ಲಿ ಸಾಲಾಗಿ ಇಟ್ಟೆವು. ಎರಡು ಪತ್ರ 2020ರವು. ಮಂಗಳೂರಿನ ಮನೆಯ ಯಜಮಾನಿ ಅವನ್ನು ಮೀಟರ್ ಪೆಟ್ಟಿಗೆಯ ಮೇಲೆ ಸಿಕ್ಕಿಸಿಟ್ಟಿದ್ದರಂತೆ. ಭಾವ ಮೊನ್ನೆ ಹೋಗಿ ಕೇಳಿದಾಗ ಧೂಳು ಕೊಡವಿ ಕೊಟ್ಟರು. ಇನ್ನೆರಡು ಹೊಸತು. ನೇರ ಪೆರ್ಲದ ಮನೆಗೇ ಬಂದಿದ್ದವು.

ಮೊದಲನೆಯದು ಸಾಮಾನ್ಯ ನೆನಪಿನ ಪತ್ರ. ಬಾಕಿ ಇಷ್ಟು, ಮಿನಿಮಮ್ ಇಷ್ಟು, ಇಂಥ ದಿನದೊಳಗೆ ಕಟ್ಟಿ. ಇಂಥದ್ದು ಎಲ್ಲರಿಗೂ ಬರುತ್ತದೆ.

ಎರಡನೆಯದು ಒಂದೇ ಪುಟ. ಯಾವ ಗದ್ದಲವೂ ಇಲ್ಲ. ಕೆಂಪು ಶಾಯಿ ಇಲ್ಲ, ಸೆಕ್ಷನ್ ಇಲ್ಲ. ಭಾವ ಇದನ್ನು ಕಡೆಗಣಿಸಿ ಅಡಿಗೆ ಹಾಕಿದ್ದರು. ನನಗೆ ಅದೇ ಎಲ್ಲಕ್ಕಿಂತ ಭಾರದ್ದಾಗಿ ಕಂಡಿತು. ನಿಮ್ಮ ಖಾತೆ ಇಷ್ಟು ದಿನದಿಂದ ಬಾಕಿ ಇದೆ, ಕಟ್ಟದಿದ್ದರೆ ಈ ವಿಷಯವನ್ನು ಸಾಲಗಾರರ ದಾಖಲೆ ಇಡುವ ಕ್ರೆಡಿಟ್ ಇನ್ಫರ್ಮೇಶನ್ ಕಂಪನಿಗಳಿಗೆ ವರದಿ ಮಾಡುತ್ತೇವೆ ಅಂತ ಅದರಲ್ಲಿತ್ತು. ಡಿಫಾಲ್ಟರ್ ಅಂತ ವರದಿ ಮಾಡುವ ಮೊದಲು ಬ್ಯಾಂಕ್ ಕಾರ್ಡ್‌ದಾರನಿಗೆ ತಿಳಿಸಲೇಬೇಕು. ರಿಸರ್ವ್ ಬ್ಯಾಂಕ್ 2022ರಲ್ಲಿ ಕಾರ್ಡುಗಳ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲೂ ಇದು ಸ್ಪಷ್ಟ ಇತ್ತು. ಆದರೆ ಬ್ಯಾಂಕ್ ತಿಳಿಸುವುದು ತನ್ನ ಬಳಿ ಇರುವ ವಿಳಾಸಕ್ಕೆ. 575ರಲ್ಲಿ ಶುರುವಾಗುವ ಮಂಗಳೂರಿನ ಪಿನ್ ಕೋಡನ್ನು 671ರಲ್ಲಿ ಶುರುವಾಗುವ ನಮ್ಮ ಪಿನ್ ಕೋಡಿಗೆ ಬದಲಾಯಿಸಿ ಅಂತ ಒಂದು ಅರ್ಜಿ ಕೊಡಬೇಕಾದದ್ದು ಭಾವ. ಕೊಟ್ಟಿರಲಿಲ್ಲ. ಈ ವಿಷಯದಲ್ಲಿ ಬ್ಯಾಂಕಿನ ತಪ್ಪು ಹುಡುಕಲು ನಾನೂ ಪ್ರಯತ್ನಪಟ್ಟೆ. ಸಿಗಲಿಲ್ಲ.

ಮೂರನೆಯದು ಆ ಕೆಂಪಕ್ಷರದ ಪತ್ರ. ಎಲ್ಲೋ ದೂರದ ಊರಿನ ವಕೀಲರದು. ತಲೆಬರಹ ದಪ್ಪ ಕೆಂಪು. 96,300 ರೂಪಾಯಿ 15 ದಿನದೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸಿವಿಲ್ ಮತ್ತು ಕ್ರಿಮಿನಲ್ ಕ್ರಮ. ನಡುವೆ 420 ಅನ್ನುವ ಅಂಕಿ ಬೇರೆ. ಭಾವನ ನಿದ್ದೆ ಕೆಡಿಸಿದ್ದು ಆ ಮೂರಂಕಿಯೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ನಮ್ಮ ಊರಲ್ಲಿ ಎಷ್ಟೋ ಮಂದಿ ಇಂಥ ಪತ್ರ ನೋಡಿ ಬಂಗಾರ ಮಾರಿದ್ದಾರೆ. ವಕೀಲರ ನೋಟಿಸ್ ಅಂದರೆ ಒಬ್ಬ ಕಕ್ಷಿದಾರ ತನ್ನ ವಕೀಲರ ಮೂಲಕ ಇನ್ನೊಬ್ಬನಿಗೆ ಬರೆದ ಕಾಗದ. ಅದು ಕೋರ್ಟಿನ ಕಾಗದ ಅಲ್ಲ. ಕೋರ್ಟಿನ ಸಮನ್ಸಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಹಾಜರಾಗುವ ದಿನ, ಮೊಹರು ಇರುತ್ತದೆ. ಈ ಪತ್ರದಲ್ಲಿ ಅವು ಯಾವುದೂ ಇರಲಿಲ್ಲ. ಇನ್ನು 420: ಅದು 2024ರ ಜೂನ್ ತನಕ ಜಾರಿಯಲ್ಲಿದ್ದ ಹಳೆ ದಂಡ ಸಂಹಿತೆಯ ವಂಚನೆಯ ಸೆಕ್ಷನ್, ಮೊದಲಿನಿಂದಲೇ ಮೋಸ ಮಾಡುವ ಉದ್ದೇಶ ಇದ್ದವನ ಮೇಲೆ. ಎರಡು ವರ್ಷ ಸರಿಯಾಗಿ ಕಟ್ಟಿ, ಕೆಲಸ ಹೋದ ಮೇಲೆ ಕಟ್ಟಲಾಗದವನ ಸಾಲ ಸಿವಿಲ್ ವಿಷಯ. ಭಾವ ಚೆಕ್ ಕೊಟ್ಟಿರಲಿಲ್ಲ. ಕೊಟ್ಟು ಅದು ಬೌನ್ಸ್ ಆಗಿದ್ದರೆ ಸೆಕ್ಷನ್ 138ರ ಕಥೆ ಬೇರೆಯಾಗುತ್ತಿತ್ತು.

ಹಾಗಂತ ಅದನ್ನು ಒಲೆಗೆ ಹಾಕಲು ನಾನು ಹೇಳಲಿಲ್ಲ. ಉತ್ತರ ಬರೆದೆವು. ನಾಲ್ಕು ಸಾಲು. ಪತ್ರ ತಲುಪಿದೆ, ಮೊತ್ತದ ಬಗ್ಗೆ ತಕರಾರು ಇದೆ, 2020ರಿಂದ ಇವತ್ತಿನವರೆಗೆ ತಿಂಗಳ ಪ್ರಕಾರ ಸ್ಟೇಟ್‌ಮೆಂಟ್ ಕಳಿಸಿ, ನಿಮಗೆ ಬ್ಯಾಂಕ್ ಕೊಟ್ಟ ಅಧಿಕಾರ ಪತ್ರದ ಪ್ರತಿ ಕಳಿಸಿ. "ನಾನು ಇಷ್ಟು ಕೊಡಬೇಕು, ಕೊಡುತ್ತೇನೆ" ಅಂತ ಒಂದು ಅಕ್ಷರವೂ ಬರೆಯಲಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾಲ್ಕನೆಯದು ವಸೂಲಿ ಏಜೆನ್ಸಿಯ ಸಿಹಿ ಪತ್ರ. 52,000 ಕೊಟ್ಟರೆ ಎಲ್ಲ ಮುಗಿಯಿತು, ಈ ತಿಂಗಳು ಮಾತ್ರ. ಪೇಟೆಯ ಬಟ್ಟೆ ಅಂಗಡಿಯ ಆಟಿ ರಿಯಾಯಿತಿಯ ಹಾಗೆ. ಅದರಲ್ಲಿ ಬ್ಯಾಂಕಿನ ಲೆಟರ್‌ಹೆಡ್ ಇಲ್ಲ. ಕೊಟ್ಟ ಮೇಲೆ ದಾಖಲೆಯಲ್ಲಿ ಏನು ಬರೆಯುತ್ತಾರೆ ಅನ್ನುವ ಮಾತೂ ಇಲ್ಲ. ಇದೇ ಏಜೆನ್ಸಿಯವನು ಒಂದು ರಾತ್ರಿ ಎಂಟೂವರೆಗೆ ತಂಗಿಯ ಫೋನಿಗೆ ಕರೆ ಮಾಡಿದ್ದ. ಅವಳಿಗೆ ವಿಷಯ ಗೊತ್ತಾದದ್ದು ಹಾಗೆ. ವಸೂಲಿಗೆ ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ತಂಗಿ ಕರೆಯ ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು. ನಮ್ಮಿಬ್ಬರಿಗಿಂತ ಅವಳೇ ಚುರುಕು.

ಒಂದು ಪ್ರಶ್ನೆ ಉಳಿಯಿತು. ನಾಲ್ಕು ವರ್ಷ ಸುಮ್ನೆ ಇದ್ದವರಿಗೆ ಪೆರ್ಲದ ವಿಳಾಸ ಸಿಕ್ಕಿದ್ದು ಹೇಗೆ? ಭಾವ ಮೇ ತಿಂಗಳಲ್ಲಿ ಒಂದು ಸರಕು ಆಟೋ ತೆಗೆಯಲು ಸಾಲಕ್ಕೆ ಅರ್ಜಿ ಹಾಕಿದ್ದರು. ಒಂದಲ್ಲ, ಮೂರು ಕಡೆ. ಮೂರೂ ಕಡೆ "ಸಿಬಿಲ್ ಸರಿ ಇಲ್ಲ" ಅಂತ ವಾಪಸ್. ಅರ್ಜಿ ಹಾಕಿದಾಗ ಹೊಸ ವಿಳಾಸ, ಹೊಸ ಫೋನ್ ನಂಬರ್ ಕ್ರೆಡಿಟ್ ರಿಪೋರ್ಟಿಗೆ ಸೇರುತ್ತದೆ. ಹಳೆ ಬ್ಯಾಂಕ್ ಅದೇ ರಿಪೋರ್ಟ್ ತೆಗೆದರೆ ಅಲ್ಲಿ ಸಿಗುತ್ತದೆ. ಹಾಗೇ ಆಗಿರಬೇಕು ಅನ್ನುವುದು ನನ್ನ ಊಹೆ.

36 ಚೌಕ

ಪತ್ರಗಳನ್ನು ಬದಿಗಿಟ್ಟು ರಿಪೋರ್ಟ್ ತೆಗೆದೆವು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಜನ ಎಲ್ಲವನ್ನೂ ಸಿಬಿಲ್ ಅನ್ನುತ್ತಾರೆ, ಎಲ್ಲ ಜೆರಾಕ್ಸ್ ಆದ ಹಾಗೆ. ಒಂದೊಂದು ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ಪೇಟೆಯಲ್ಲಿ ಒಬ್ಬ "ಸಿಬಿಲ್ ಕ್ಲಿಯರ್ ಮಾಡಿಸಿ ಕೊಡ್ತೇನೆ, 5,000" ಅಂದಿದ್ದನಂತೆ. ಆ ದುಡ್ಡು ಉಳಿಯಿತು.

ಸ್ಕೋರ್ 547. ಅಳತೆ 300ರಿಂದ 900. ಭಾವನ ಕಣ್ಣು ಅಲ್ಲಿಗೇ ಅಂಟಿಕೊಂಡಿತ್ತು. ನಾನು ಕೆಳಗೆ ಹೋದೆ. ಅಲ್ಲಿ ತಿಂಗಳ ಚೌಕಗಳು, ಒಟ್ಟು 36. ಒಂದೊಂದು ಚೌಕದಲ್ಲಿ ಆ ತಿಂಗಳು ಎಷ್ಟು ದಿನ ಬಾಕಿ ಇತ್ತು ಅನ್ನುವ ಸಂಖ್ಯೆ. ಸಮಯಕ್ಕೆ ಕಟ್ಟಿದ್ದರೆ ಮೂರು ಸೊನ್ನೆ. ಭಾವನ 36ರಲ್ಲಿ ಒಂದೂ ಸೊನ್ನೆ ಇರಲಿಲ್ಲ. 2018, 2019ರಲ್ಲಿ ಸರಿಯಾಗಿ ಕಟ್ಟಿದ್ದು ಆ ಚೌಕಗಳಿಂದ ಎಂದೋ ಹೊರಗೆ ಹೋಗಿತ್ತು. ಒಳ್ಳೆಯ ಕಾಲ ದಾಟಿಹೋಗಿ ಕೆಟ್ಟ ಕಾಲ ಮಾತ್ರ ಉಳಿದ ಹಾಗೆ. ಕೆಳಗೆ ಖಾತೆಯ ಸ್ಥಿತಿ: ರಿಟನ್ ಆಫ್. ಒಟ್ಟು ಮೊತ್ತ 40,210.

ನೋಡಿ, ಕೆಂಪಕ್ಷರದ ಪತ್ರ ಒಂದು ರೂಪಾಯಿಯ ಹಾನಿ ಮಾಡಿರಲಿಲ್ಲ. ಆಟೋ ಕೈತಪ್ಪಿಸಿದ್ದು ಈ ಸದ್ದಿಲ್ಲದ ಸಾಲು. ಆ ಸಾಲು ಬರುತ್ತದೆ ಅಂತ ಹೇಳಿದ್ದು ಮೀಟರ್ ಪೆಟ್ಟಿಗೆಯ ಮೇಲೆ ಧೂಳು ತಿನ್ನುತ್ತಿದ್ದ ಎರಡನೆಯ ಪತ್ರ.

ಇನ್ನೊಂದು ವಿಚಿತ್ರ ಕಂಡಿತು. ಒಂದೇ ಬ್ಯಾಂಕಿನ ಎರಡು ಕಾರ್ಡ್ ಖಾತೆಗಳು ಅಲ್ಲಿದ್ದವು. ಭಾವನಿಗೆ ಇದ್ದದ್ದು ಒಂದೇ ಕಾರ್ಡ್. ಯೋಚಿಸಿದ ಮೇಲೆ ನೆನಪಾಯಿತು. 2019ರ ಕೊನೆಗೆ ಬ್ಯಾಂಕ್ ತಾನಾಗಿ ಕಾರ್ಡ್ ಅಪ್‌ಗ್ರೇಡ್ ಮಾಡಿ ಹೊಸ ನಂಬರ್ ಕೊಟ್ಟಿತ್ತು. ಹಳೆ ನಂಬರಿನ ಬಾಕಿ 11,240 ಹೊಸದಕ್ಕೆ ಹೋಗಿತ್ತು. ಆದರೆ ಹಳೆ ನಂಬರಿನ ಖಾತೆ ದಾಖಲೆಯಲ್ಲಿ ಮುಚ್ಚಿರಲಿಲ್ಲ. ಅದೇ 11,240 ಬಾಕಿ ಅಂತ ತೋರಿಸುತ್ತ ಸತ್ತ ಗಡಿಯಾರದ ಹಾಗೆ ನಿಂತಿತ್ತು. ಒಂದೇ ಸಾಲ, ಎರಡು ಕಪ್ಪು ಚುಕ್ಕೆ.

ಇದು ಬ್ಯಾಂಕಿನ ತಪ್ಪು. ಇದನ್ನು ಹಿಡಿದೆವು. ಜುಲೈ 2ಕ್ಕೆ ಕ್ರೆಡಿಟ್ ಕಂಪನಿಯ ಸೈಟಿನಲ್ಲಿ ತಕರಾರು ಹಾಕಿದೆವು. ಬಿಟ್ಟಿ ಕೆಲಸ, ಹಣ ಕೊಡಬೇಕಾಗಿಲ್ಲ. ಬ್ಯಾಂಕಿಗೂ ಇಮೇಲ್, ಜೊತೆಗೆ ಹಳೆ ಸ್ಟೇಟ್‌ಮೆಂಟಿನ ಫೋಟೋ. ಕ್ರೆಡಿಟ್ ಕಂಪನಿ ತಾನೇ ಏನನ್ನೂ ತಿದ್ದುವುದಿಲ್ಲ, ಬ್ಯಾಂಕನ್ನು ಕೇಳುತ್ತದೆ. ಬ್ಯಾಂಕ್ ಹೂಂ ಅಂದರೆ ಮಾತ್ರ ತಿದ್ದುತ್ತದೆ. ಬ್ಯಾಂಕಿಗೆ 21 ದಿನ, ಒಟ್ಟು 30 ದಿನ. 30 ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ತಕರಾರು ಮಾಡಿದವನಿಗೆ ಕೊಡಬೇಕು. 2024ರ ಏಪ್ರಿಲ್ 26ರಿಂದ ಜಾರಿಯಾದ ನಿಯಮ ಇದು. ನಮಗೆ ಗೊತ್ತಿದ್ದದ್ದು ಒಳ್ಳೆಯದೇ ಆಯಿತು. ಸರಿಯಾದದ್ದು ಆಗಸ್ಟ್ 12ಕ್ಕೆ, ಅಂದರೆ 11 ದಿನ ತಡ. ಸೆಪ್ಟೆಂಬರ್‌ನಲ್ಲಿ ಭಾವನ ಖಾತೆಗೆ 1,100 ರೂಪಾಯಿ ಬಂತು. ಸಾಲಗಾರನಿಗೆ ಬ್ಯಾಂಕೇ ದುಡ್ಡು ಕೊಟ್ಟ ಸುದ್ದಿ ಪೆರ್ಲ ಪೇಟೆಯಲ್ಲಿ ಎರಡು ದಿನ ಓಡಿತು.

ತಕರಾರಿಗೆ 30 ದಿನದೊಳಗೆ ಉತ್ತರ ಬಾರದಿದ್ದರೆ ದೂರು ಕೇಳುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದಿತ್ತು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಕಂಪನಿಗಳೂ ಅದರ ವ್ಯಾಪ್ತಿಗೆ ಬಂದಿವೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಕಾಸರಗೋಡಿನ ಕನ್ನಡಿಗನಿಗೆ ಅದೇ ಒಂದು ದೊಡ್ಡ ಸಮಾಧಾನ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ.

ಫೆಬ್ರವರಿ ತನಕ ಕಾಯುವುದಾ?

ಪತ್ರಗಳು ಈಗಲೇ ಯಾಕೆ ಓಡಿ ಬಂದವು? ವಿಳಾಸ ಸಿಕ್ಕಿದ್ದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಕಾಸರಗೋಡಿನ ಪರಿಚಯದ ವಕೀಲರ ಜೊತೆ ಕೂತು ಲೆಕ್ಕ ಹಾಕಿದಾಗ ಹೊಳೆಯಿತು.

ಇಂಥ ಸಾಲಕ್ಕೆ ಕೋರ್ಟಿನಲ್ಲಿ ದಾವೆ ಹಾಕಲು ಮೂರು ವರ್ಷದ ಗಡುವು. 1963ರ ಲಿಮಿಟೇಶನ್ ಆಕ್ಟ್ ಹೇಳುವುದು ಅದು. ಭಾವ ಕಟ್ಟುವುದು ನಿಲ್ಲಿಸಿದ್ದು 2020ರಲ್ಲಿ. ಸುಮ್ನೆ ಕೂಡಿದರೆ 2023ಕ್ಕೇ ಮುಗಿಯಬೇಕಿತ್ತು. ಆದರೆ ಕೊರೊನಾ ಕಾಲದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಎಣಿಕೆಯಿಂದಲೇ ಬಿಟ್ಟಿತು. ಹಾಗಾಗಿ ಭಾವನ ಮೂರು ವರ್ಷ ಶುರುವಾದದ್ದು 2022ರ ಮಾರ್ಚ್ 1ಕ್ಕೆ. ಮುಗಿಯುವುದು 2025ರ ಫೆಬ್ರವರಿ ಕೊನೆಗೆ. ಬ್ಯಾಂಕಿಗೆ ಉಳಿದದ್ದು ಏಳೆಂಟು ತಿಂಗಳು. ಅವಸರ ಇರುವುದೇ.

ನಾವು ಉತ್ತರದಲ್ಲಿ ಸಾಲ ಒಪ್ಪಿಕೊಳ್ಳದೆ ಇದ್ದದ್ದು ಇದಕ್ಕೆ. ಗಡುವು ಮುಗಿಯುವ ಮೊದಲು ಸಾಲ ಇದೆ ಅಂತ ಬರೆದು ಸಹಿ ಹಾಕಿದರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆ. ಸ್ವಲ್ಪ ಹಣ ಕಟ್ಟಿದರೂ ಅದೇ ದಾರಿ ತೆರೆಯುತ್ತದೆ. ಏಜೆನ್ಸಿಯವನು ಫೋನಿನಲ್ಲಿ "ಟೋಕನ್ ಅಂತ 500 ಹಾಕಿ ಸಾರ್, ಈ ತಿಂಗಳು ತೊಂದರೆ ಕೊಡುವುದಿಲ್ಲ" ಅನ್ನುತ್ತಿದ್ದ. ಅದು ದಯೆಯ ಮಾತು ಅಂತ ಭಾವ ನಂಬಿದ್ದರು.

ಲೆಕ್ಕ ಕೇಳಿದ ಕೂಡಲೇ ಭಾವ ಅಂದರು: "ಹಾಗಾದರೆ ಫೆಬ್ರವರಿ ತನಕ ಬಾಯಿ ಮುಚ್ಚಿ ಕೂತರೆ ಆಯಿತಲ್ಲ?"

ಆ ಮಾತಿಗೆ ನಾವು ಒಂದು ಸಂಜೆ ಪೂರ್ತಿ ಜಗಳಾಡಿದೆವು. ಗಡುವು ಮುಗಿದರೆ ಮುಚ್ಚುವುದು ಕೋರ್ಟಿನ ಬಾಗಿಲು ಮಾತ್ರ. ಸಾಲ ಸಾಯುವುದಿಲ್ಲ, ದಾಖಲೆಯೂ ಸಾಯುವುದಿಲ್ಲ. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತಿದೆ. ಕನಿಷ್ಠ ಅನ್ನುವ ಪದ ನೋಡಿ. 7 ವರ್ಷವಾದ ಕೂಡಲೇ ಅಳಿಸಿಹೋಗುತ್ತದೆ ಅಂತ ಮೊಬೈಲ್ ವೀಡಿಯೋಗಳಲ್ಲಿ ಹೇಳುವವರು ಆ ಪದವನ್ನು ನುಂಗುತ್ತಾರೆ. ಆಟೋ ಬೇಡ, ಇನ್ನು ಯಾವ ಸಾಲವೂ ಬೇಡ ಅನ್ನುವವನು ಕಾಯಬಹುದು. ಭಾವನಿಗೆ ಆಟೋ ಬೇಕಿತ್ತು. ಅಲ್ಲದೆ, ನನ್ನದು ಹಳೆ ಕಾಲದ ತಲೆ ಅನ್ನಿ, 23,400ರ ಸಾಮಾನು ತೆಗೆದದ್ದು ನಿಜ ತಾನೇ? ಅದನ್ನು ಕೊಡದೆ ಇರುವುದು ನನಗೆ ಸರಿ ಕಾಣಲಿಲ್ಲ. 96,300 ಕೊಡುವುದೂ ಸರಿ ಕಾಣಲಿಲ್ಲ.

ವಿದ್ಯಾನಗರ

ಆಗಸ್ಟ್ ಕೊನೆಗೆ ಐದನೆಯ ಪತ್ರ ಬಂತು. ಮಲಯಾಳದಲ್ಲಿ. ಭಾವನಿಗೆ ಮಾತು ಬರುತ್ತದೆ, ಓದಲು ತಡವರಿಸುತ್ತಾರೆ. ಸರ್ಕಾರಿ ಅರ್ಜಿ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಓದಿ ಹೇಳಿದಳು: ಲೋಕ ಅದಾಲತ್ ನೋಟಿಸ್. ವಿದ್ಯಾನಗರದ ಕೋರ್ಟ್ ಆವರಣಕ್ಕೆ ಬನ್ನಿ, ದಾವೆ ಹಾಕುವ ಮೊದಲೇ ರಾಜಿ ಮಾಡಿಕೊಳ್ಳಿ. ಇದಕ್ಕೆ ಹೋಗದಿದ್ದರೆ ವಾರಂಟ್ ಬರುವುದಿಲ್ಲ. ಎರಡೂ ಕಡೆ ಒಪ್ಪಿದರೆ ಮಾತ್ರ ತೀರ್ಪು. ಆದರೆ ಒಪ್ಪಿ ಸಹಿ ಹಾಕಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲು ಇಲ್ಲ. ಅಂದರೆ ಹೋಗುವುದಕ್ಕೆ ಹೆದರಬೇಡಿ, ಸಹಿ ಹಾಕುವುದಕ್ಕೆ ಹೆದರಿ.

ನಾವು ಹೋದೆವು. ಉದ್ದ ಸಾಲು ಮೇಜುಗಳು, ಒಂದೊಂದರ ಹಿಂದೆ ಒಂದೊಂದು ಬ್ಯಾಂಕ್. ಕಲ್ಯಾಣ ಮಂಟಪದ ಊಟದ ಪಂಕ್ತಿಯ ಹಾಗೆ ಕಂಡಿತು. ನಮ್ಮ ಬ್ಯಾಂಕಿನ ಮೇಜಿನಲ್ಲಿ ಕೂತಿದ್ದ ಹುಡುಗ ಒಳ್ಳೆಯವನೇ. 60,000ದಿಂದ ಶುರು ಮಾಡಿದ. ನಮ್ಮ ಕೈಯಲ್ಲಿ ರಿಪೋರ್ಟ್ ಇತ್ತು, ತಿಂಗಳ ಲೆಕ್ಕ ಇತ್ತು, ರಾತ್ರಿ ಎಂಟೂವರೆಯ ಸ್ಕ್ರೀನ್‌ಶಾಟೂ ಇತ್ತು. ಅರ್ಧ ಗಂಟೆಯಲ್ಲಿ 36,000ಕ್ಕೆ ಇಳಿದ. ಒಂದೇ ಕಂತು, 15 ದಿನದೊಳಗೆ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಆಮೇಲೆ ದಾಖಲೆಯಲ್ಲಿ ಏನು ಬರೆಯುತ್ತೀರಿ?"

"ಸೆಟಲ್ಡ್."

"ಕ್ಲೋಸ್ಡ್ ಅಂತ ಬರೆಯಲು ಎಷ್ಟು?"

"ಪೂರ್ತಿ 96,300."

ಈ ಎರಡು ಪದದ ನಡುವೆ ಇರುವ ದೂರ 60,300 ರೂಪಾಯಿ. ಕ್ಲೋಸ್ಡ್ ಅಂದರೆ ಕೊಡಬೇಕಾದದ್ದು ಕೊಟ್ಟು ಮುಗಿಸಿದ. ಸೆಟಲ್ಡ್ ಅಂದರೆ ಪೂರ್ತಿ ಕೊಡಲಿಲ್ಲ, ಸಿಕ್ಕಿದಷ್ಟಕ್ಕೆ ಬ್ಯಾಂಕ್ ಕೈತೊಳೆದುಕೊಂಡಿತು. ಮುಂದೆ ಸಾಲ ಕೊಡುವವನು ಇದನ್ನು ಹಾಗೇ ಓದುತ್ತಾನೆ. ರಿಟನ್ ಆಫ್‌ಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ರೈಟ್ ಆಫ್ ಆದ ದಿನದ 40,210 ಪೂರ್ತಿ ಕೊಡುತ್ತೇವೆ, ನಂತರದ ಬಡ್ಡಿ ನೀವೇ ಕಳೆದು ಕ್ಲೋಸ್ಡ್ ಅಂತ ಬರೆಯಿರಿ ಅಂತ ನಾನು ಹೇಳಿ ನೋಡಿದೆ. ಮೇಲಿನವರಿಗೆ ಫೋನ್ ಮಾಡಿದ. ಆಗುವುದಿಲ್ಲ ಅಂತ ಬಂತು.

ನನ್ನ ಅಭಿಪ್ರಾಯ ಅವತ್ತು ಸಹಿ ಬೇಡ ಅಂತ. ದೂರು ನೋಡುವ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆದು ಕ್ಲೋಸ್ಡ್‌ಗೆ ಇನ್ನೂ ಎಳೆಯಬಹುದಿತ್ತು. ಭಾವ ಕೇಳಲಿಲ್ಲ. ಅವರಿಗೆ ಸಾಕಾಗಿತ್ತು. ಒಂದು ಕುರಿಯಲ್ಲಿ ಅವರಿಗೆ 40,000 ಬರುವುದಿತ್ತು. ಕಾಸರಗೋಡಿನಲ್ಲಿ ಚಿಟ್ ಫಂಡಿಗೆ ಕುರಿ ಅನ್ನುತ್ತೇವೆ, ಘಟ್ಟದ ಮೇಲಿನವರು ನಗಬೇಡಿ. ಅದನ್ನು ಎತ್ತಿ 36,000 ಕಟ್ಟಿದರು. ಕಟ್ಟಿದ್ದು ಏಜೆನ್ಸಿಯವನ ಕೈಗೆ ಅಲ್ಲ, ನೇರ ಕಾರ್ಡ್ ಖಾತೆಗೆ. ಅದಾಲತ್ ಕಾಗದದಲ್ಲಿ ಮೊತ್ತ, ದಿನಾಂಕ, ಕಾರ್ಡಿನ ಕೊನೆಯ ನಾಲ್ಕಂಕಿ, ಇನ್ನು ಬಾಕಿ ಇಲ್ಲ ಅನ್ನುವ ಸಾಲು, ಇಷ್ಟು ಬರೆಸಿಕೊಂಡದ್ದು ಮಾತ್ರ ನನ್ನ ಹಟ.

ಹಣ ಕಟ್ಟಿದ 30 ದಿನದೊಳಗೆ ಬ್ಯಾಂಕ್ ದಾಖಲೆ ಸರಿಮಾಡಬೇಕು ಅಂತ ನಿಯಮ. ನಮ್ಮದು ಒಂದು ನೆನಪಿನ ಇಮೇಲ್ ಹೋದ ಮೇಲೆ ಸರಿಯಾಯಿತು. ನವೆಂಬರ್‌ನಲ್ಲಿ ಇನ್ನೊಂದು ಕಂಪನಿಯ ಪುಕ್ಕಟೆ ರಿಪೋರ್ಟ್ ತೆಗೆದು ನೋಡಿದೆವು. ನಾಲ್ಕನ್ನೂ ಒಟ್ಟಿಗೆ ಖರ್ಚು ಮಾಡದೆ ಎರಡು ಮೂರು ತಿಂಗಳಿಗೊಂದು ತೆಗೆದರೆ ವರ್ಷವಿಡೀ ಕಣ್ಣಿಡಬಹುದು, ದುಡ್ಡಿಲ್ಲದೆ. ರೈಟ್ ಆಫ್ ನಂತರ ಸೆಟಲ್ಡ್ ಅಂತ ಬಂದಿತ್ತು. ಬಾಕಿ ಸೊನ್ನೆ. ಆಟೋ ಸಾಲ ಕೊಡುವವರು ಆಗಲೂ ತಲೆ ಅಲ್ಲಾಡಿಸಿದರು. ನಾನು ಹೇಳಿದ್ದೇ ಸರಿಯಾಯಿತಲ್ಲ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಕೊನೆಗೆ ತಂಗಿಯ ಚಿನ್ನ ಮತ್ತು ತೋಟದ ಮೇಲೆ ಊರಿನ ಸಂಘದಲ್ಲೇ ಸಾಲ ಸಿಕ್ಕಿ ಹಳೆಯ ಒಂದು ಆಟೋ ಮನೆಗೆ ಬಂತು.

2025ರ ಏಪ್ರಿಲ್‌ನಲ್ಲಿ ಭಾವ ಇನ್ನೊಂದು ಬ್ಯಾಂಕಿನಲ್ಲಿ 15,000 ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದರು. ನನಗೆ ಸಿಟ್ಟು ಬಂತು. ಮತ್ತೆ ಅದೇ ಹಾವಿನ ಬಿಲಕ್ಕೆ ಕೈ ಹಾಕುವುದಾ? "ಚೌಕದಲ್ಲಿ ಸೊನ್ನೆ ಬರಬೇಕಲ್ಲ ಭಾವಾ, ಕಾರ್ಡೇ ಇಲ್ಲದೆ ಸೊನ್ನೆ ಎಲ್ಲಿಂದ?" ಅಂದರು. ಉತ್ತರ ಸಿಗಲಿಲ್ಲ. ಡೀಸೆಲ್ ಮಾತ್ರ ಅದರಲ್ಲಿ ಹಾಕುತ್ತಾರೆ. ಬಿಲ್ ಕಟ್ಟುವ ದಿನ ಮೊದಲು ತಿಂಗಳ 5 ಆಗಿತ್ತು. ಅಡಿಕೆ ವ್ಯಾಪಾರಿ ಬಾಡಿಗೆ ಕೊಡುವುದು 10ಕ್ಕೆ. ಬಿಲ್ಲಿನ ಸೈಕಲ್ ಬದಲಿಸಿಕೊಳ್ಳಲು ಬ್ಯಾಂಕ್ ಅವಕಾಶ ಕೊಡಬೇಕು ಅಂತ ಆ 2022ರ ನಿರ್ದೇಶನದಲ್ಲೇ ಇತ್ತು. ಬರೆದು ಕೊಟ್ಟರು. ಈಗ 18. ತಂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ 15ಕ್ಕೆ ಒಂದು ಕುಂಕುಮದ ಬೊಟ್ಟು ಇಡುತ್ತಾಳೆ.